ಇಳಿಯುತ್ತಲೇ ಏರುವ ವಿಮಾನ: ಪದವಿನ ಮೇಲೊಂದು ಗ್ಲೈಡರ್ ಪಾಠ

ಗ್ಲೈಡರ್ ಎಂದರೆ ಇಂಜಿನ್ ಇಲ್ಲದ ವಿಮಾನ. ಕೈಯಿಂದ ಬಿಟ್ಟ ಕ್ಷಣದಿಂದ ನೆಲ ಮುಟ್ಟುವವರೆಗೂ ಅದು ಇಳಿಯುತ್ತಲೇ ಇರುತ್ತದೆ. ಇಳಿಜಾರು ರಸ್ತೆಯಲ್ಲಿ ಪೆಡಲ್ ತುಳಿಯದೆ ಸೈಕಲ್ ಬಿಟ್ಟ ಹಾಗೆ. ಸೈಕಲ್ಲಿಗೆ ರಸ್ತೆಯ ಇಳಿಜಾರು ಬೇಕು, ಗ್ಲೈಡರ್ ತನ್ನ ಇಳಿಜಾರನ್ನು ತಾನೇ ಗಾಳಿಯಲ್ಲಿ ಹಾಸಿಕೊಳ್ಳುತ್ತದೆ. ಎತ್ತರವೇ ಅದರ ಪೆಟ್ರೋಲ್. ಪ್ರಚ್ಛನ್ನ ಶಕ್ತಿಯನ್ನು ಸ್ವಲ್ಪಸ್ವಲ್ಪವೇ ಖರ್ಚು ಮಾಡಿ ಗಾಳಿಯ ತಡೆಯನ್ನು ಗೆಲ್ಲುತ್ತದೆ. ಎತ್ತರ ಮುಗಿದರೆ ಹಾರಾಟವೂ ಮುಗಿಯಿತು.

ಇಷ್ಟನ್ನು ತರಗತಿಯಲ್ಲಿ ಹೇಳಿ ಮುಗಿಸಬಹುದು. ಆದರೆ ಮಕ್ಕಳನ್ನು ಗುಡ್ಡೆಯ ಅಂಚಿಗೆ ಕರೆದುಕೊಂಡು ಹೋದರೆ ಅದೇ ಗ್ಲೈಡರ್ ಇಳಿಯುವ ಬದಲು ಏರತೊಡಗುತ್ತದೆ, ಹತ್ತು ನಿಮಿಷವಾದರೂ ಕೆಳಗೆ ಬರುವುದಿಲ್ಲ. ಆಗ ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವು. ಕಳೆದ ಫೆಬ್ರವರಿಯ ಒಂದು ಶನಿವಾರ ನಮ್ಮ ವಿಜ್ಞಾನ ಕೂಟದ ಆರೇಳು ಶಿಕ್ಷಕರು, ಇಪ್ಪತ್ತು ಮಂದಿ ಮಕ್ಕಳು ಕಾಸರಗೋಡು ಕಡೆಯ ಒಂದು ಪದವಿನ ಮೇಲೆ ಕಳೆದ ದಿನದ ಅನುಭವವನ್ನೂ ಅದರ ಹಿಂದಿನ ವಿಜ್ಞಾನವನ್ನೂ ಇಲ್ಲಿ ಒಟ್ಟಿಗೆ ಕೊಟ್ಟಿದ್ದೇನೆ. ಪದವು ಅಂದರೆ ಗೊತ್ತಲ್ಲ: ಮುರಕಲ್ಲಿನ ಬಯಲು, ಮೇಲೆ ಮುಳಿಹುಲ್ಲು, ಪಡುವಣಕ್ಕೆ ಕಡಿದಾದ ಇಳಿಜಾರು, ಆಚೆಗೆ ತೆಂಗಿನ ತೋಟ, ಅದರಾಚೆ ಕಡಲು.

ಮೊದಲು ಶಾಲೆಯಲ್ಲಿ ಅಳತೆ

ಗುಡ್ಡೆಗೆ ಹೋಗುವ ಮೊದಲಿನ ವಾರವೇ ಮಾದರಿಗಳು ತಯಾರಾಗಿದ್ದವು. ಖರ್ಚು ಹೆಚ್ಚಿಲ್ಲ. ತೆಳು ಥರ್ಮೋಕೋಲ್ ಹಾಳೆಯಿಂದ 40 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ರೆಕ್ಕೆ. 35 ಸೆಂ.ಮೀ. ಉದ್ದದ ಬಿದಿರಿನ ಕಡ್ಡಿಯ ಮೈ. ಹಿಂದುಗಡೆ ಅಡ್ಡಕ್ಕೊಂದು, ನೆಟ್ಟಗೊಂದು ಬಾಲದ ಹಲಗೆ. ಮೂಗಿಗೆ ಜೇಡಿಮಣ್ಣಿನ ಉಂಡೆ. ರೆಕ್ಕೆಯನ್ನು ನಡುವೆ ಸೀಳಿ, ಎರಡೂ ತುದಿಗಳು ಸ್ವಲ್ಪ ಮೇಲೆದ್ದು ಇರುವಂತೆ ಅಂಟಿಸಬೇಕು. ಹೀಗೆ ಮಾಡಿದರೆ ಒಂದು ಬದಿಗೆ ವಾಲಿದ ಗ್ಲೈಡರ್ ತಾನಾಗಿ ಸರಿಯಾಗುತ್ತದೆ. ಎಲ್ಲ ಸೇರಿ ತೂಕ 25 ಗ್ರಾಂ ಆಸುಪಾಸು.

ಮಣ್ಣಿನ ಉಂಡೆ ಎಷ್ಟಿರಬೇಕು? ರೆಕ್ಕೆಯ ಮುಂದಿನ ಅಂಚಿನಿಂದ ಸುಮಾರು 3 ಸೆಂ.ಮೀ. ಹಿಂದೆ, ಎರಡೂ ಬದಿ ಬೆರಳಿಟ್ಟು ಎತ್ತಿದಾಗ ಗ್ಲೈಡರ್ ಸಮತೋಲದಲ್ಲಿ ನಿಲ್ಲಬೇಕು. ಅಲ್ಲಿ ಅದರ ಗುರುತ್ವ ಕೇಂದ್ರ ಬಂತು ಎಂದರ್ಥ. ಇನ್ನು ಮೆಲ್ಲನೆ ನೇರಕ್ಕೆ ತಳ್ಳಿ ನೋಡುವುದು. ಮೂಗು ನೆಲಕ್ಕೆ ನುಗ್ಗಿದರೆ ಮಣ್ಣು ಚೂರು ಕಿತ್ತುಬಿಡಿ. ಮೂಗೆತ್ತಿ, ನಿಂತು, ಮತ್ತೆ ಕೆಳಗೆ ನುಗ್ಗಿ, ಮತ್ತೆ ಮೂಗೆತ್ತಿದರೆ ಚೂರು ಸೇರಿಸಿ. ಮೂಗೆತ್ತಿದಾಗ ಯಾಕೆ ಬೀಳುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡಬಹುದು. ರೆಕ್ಕೆ ಗಾಳಿಗೆ ಒಡ್ಡುವ ಕೋನ ಸುಮಾರು 15 ಡಿಗ್ರಿ ದಾಟಿದರೆ ಮೇಲ್ಭಾಗದ ಗಾಳಿ ರೆಕ್ಕೆಗೆ ಅಂಟಿಕೊಂಡು ಹರಿಯುವುದನ್ನು ಬಿಟ್ಟು ಸುಳಿಯಾಗುತ್ತದೆ, ಎತ್ತುವ ಬಲ ಒಮ್ಮೆಲೇ ಕುಸಿಯುತ್ತದೆ. ಸಣ್ಣ ಮಾದರಿಗಳಲ್ಲಿ ಇದು ಇನ್ನೂ ಬೇಗ ಆಗುವುದುಂಟು. ವೈಮಾನಿಕರು ಇದಕ್ಕೆ ಸ್ಟಾಲ್ ಎನ್ನುತ್ತಾರೆ.

ಸರಿಯಾಗಿ ಹೊಂದಿಕೊಂಡ ಮೇಲೆ ಶಾಲೆಯ ಹಾಲಿನಲ್ಲಿ ಫ್ಯಾನ್ ನಿಲ್ಲಿಸಿ ಅಳತೆ ಮಾಡಿದೆವು. ಭುಜದೆತ್ತರದಿಂದ, ಅಂದರೆ 1.5 ಮೀಟರಿನಿಂದ ಬಿಟ್ಟರೆ 7.5 ಮೀಟರ್ ದೂರ ಹೋಗಿ ಇಳಿಯಿತು. ಒಂದು ಮೀಟರ್ ಎತ್ತರ ಕೊಟ್ಟು ಐದು ಮೀಟರ್ ದೂರ ಪಡೆದಂತಾಯಿತು. ಇದಕ್ಕೆ ಜಾರು ಅನುಪಾತ 5 ಎಂದು ಕರೆಯೋಣ. ಇಂದಿನ ಒಳ್ಳೆಯ ದೊಡ್ಡ ಗ್ಲೈಡರುಗಳಲ್ಲಿ ಇದು 60ನ್ನೂ ದಾಟುತ್ತದೆ. ಹಾರಾಟಕ್ಕೆ ಹಿಡಿದ ಸಮಯ 1.8 ಸೆಕೆಂಡ್. ಆದ್ದರಿಂದ ಮುಂದೆ ಸಾಗುವ ವೇಗ ಸೆಕೆಂಡಿಗೆ ಸುಮಾರು 4.2 ಮೀಟರ್, ಇಳಿಯುವ ವೇಗ ಸೆಕೆಂಡಿಗೆ ಸುಮಾರು 0.8 ಮೀಟರ್. ಈ ಎರಡು ಸಂಖ್ಯೆಗಳನ್ನು ನೆನಪಿಡಿ, ಗುಡ್ಡೆಯ ಮೇಲೆ ಬೇಕಾಗುತ್ತವೆ. ಏಳನೆಯ ತರಗತಿಯ ಮಗುವಿಗೂ ಇಷ್ಟು ಲೆಕ್ಕ ಬರುತ್ತದೆ.

ರೆಕ್ಕೆ ಎತ್ತುವುದು ಹೇಗೆ?

ಇಲ್ಲೊಂದು ಎಚ್ಚರಿಕೆಯ ಮಾತು. ಹಲವು ಪುಸ್ತಕಗಳಲ್ಲಿ ಹೀಗೊಂದು ವಿವರಣೆ ಇರುತ್ತದೆ: ರೆಕ್ಕೆಯ ಮೇಲ್ಭಾಗ ಉಬ್ಬಿದೆ, ಅಲ್ಲಿ ದಾರಿ ಉದ್ದ. ಮೇಲೆ ಹೋದ ಗಾಳಿ, ಕೆಳಗೆ ಹೋದ ಗಾಳಿ ಎರಡೂ ಹಿಂದಿನ ಅಂಚಿಗೆ ಒಂದೇ ಹೊತ್ತಿಗೆ ತಲುಪಬೇಕಾದ್ದರಿಂದ ಮೇಲಿನದು ವೇಗವಾಗಿ ಓಡುತ್ತದೆ. ಕೇಳಲಿಕ್ಕೆ ಚೆಂದ, ಆದರೆ ಸರಿಯಲ್ಲ. ಎರಡೂ ಒಂದೇ ಹೊತ್ತಿಗೆ ತಲುಪಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಹೊಗೆ ಬಿಟ್ಟು ನೋಡಿದ ಪ್ರಯೋಗಗಳಲ್ಲಿ ಮೇಲಿನ ಗಾಳಿ ಕೆಳಗಿನದಕ್ಕಿಂತ ಮೊದಲೇ ತಲುಪುವುದು ಕಾಣುತ್ತದೆ. ಅದಿರಲಿ, ನಮ್ಮ ಥರ್ಮೋಕೋಲ್ ರೆಕ್ಕೆಯಲ್ಲಿ ಉಬ್ಬೇ ಇಲ್ಲ. ಚಪ್ಪಟೆ ಹಾಳೆ. ಆದರೂ ಹಾರುತ್ತದಲ್ಲ!

ಮಕ್ಕಳಿಗೆ ಹೇಳಬಹುದಾದ ಸರಿಯಾದ, ಸರಳವಾದ ಮಾತು ಇದು: ರೆಕ್ಕೆ ಗಾಳಿಗೆ ಸ್ವಲ್ಪ ಓರೆಯಾಗಿ ಸಾಗುತ್ತ, ತನ್ನ ಮೇಲೂ ಕೆಳಗೂ ಹರಿಯುವ ಗಾಳಿಯನ್ನು ಕೆಳಮುಖವಾಗಿ ತಿರುಗಿಸುತ್ತದೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳಿದರೆ ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮ, ಅಷ್ಟೆ. ಮೇಲಿನ ಗಾಳಿ ವೇಗವಾಗಿ ಓಡುವುದೂ ಅಲ್ಲಿ ಒತ್ತಡ ಕಡಿಮೆಯಾಗುವುದೂ ನಿಜವೇ. ಆದರೆ ಅದಕ್ಕೆ ಕಾರಣ ಈ ತಿರುವು, ದಾರಿಯ ಉದ್ದ ಅಲ್ಲ. ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಿ ಅಂಗೈ ಓರೆ ಮಾಡಿ ನೋಡಿ ಎಂದು ಮಾತ್ರ ಹೇಳಬೇಡಿ. ಟೇಬಲ್ ಫ್ಯಾನಿನ ಮುಂದೆ ರಟ್ಟು ಹಿಡಿದರೆ ಸಾಕು.

ಗಾಳಿಗಾಗಿ ಕಾದದ್ದು

ಬೆಳಿಗ್ಗೆ ಒಂಬತ್ತಕ್ಕೆ ಪದವು ಹತ್ತಿದಾಗ ಗಾಳಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಇದ್ದ ಚೂರೂ ಮೂಡಣದಿಂದ, ನಮ್ಮ ಬೆನ್ನಿನಿಂದ ಬರುತ್ತಿತ್ತು. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ಅಷ್ಟು ಬೇಗ ತಣಿಯುವುದಿಲ್ಲ. ಹಾಗಾಗಿ ಗಾಳಿ ನೆಲದಿಂದ ಕಡಲಿಗೆ. ಮಕ್ಕಳು ಅವಸರ ಮಾಡಿದರು, ಐದಾರು ಮಾದರಿ ಬಿಟ್ಟೂ ಆಯಿತು. ಎಲ್ಲವೂ ಅಂಚು ದಾಟಿದ್ದೇ ತಡ ಇಳಿಜಾರಿನ ಪೊದೆಗೆ ಹೋಗಿ ಬಿದ್ದವು. "ಹಾಲಲ್ಲೇ ಇದಕ್ಕಿಂತ ಚೆಂದ ಹೋಗ್ತಿತ್ತು ಮಾಷ್ಟ್ರೇ" ಎಂದು ಒಬ್ಬ ಹುಡುಗ ದೂರು ಹೇಳಿದ. ದೂರು ನ್ಯಾಯವಾದದ್ದೇ.

ಹನ್ನೊಂದರ ಸುಮಾರಿಗೆ ಮುರಕಲ್ಲು ಕಾಲಿಗೆ ಬಿಸಿ ತಾಗತೊಡಗಿತು. ಸ್ವಲ್ಪ ಹೊತ್ತಿಗೆ ಮುಳಿಹುಲ್ಲಿನ ತುದಿಗಳು ನಮ್ಮ ಕಡೆಗೆ ಬಾಗಿದವು. ಕಡಲ ಗಾಳಿ ಬಂತು. ಬಿಸಿಯಾದ ನೆಲದ ಮೇಲಿನ ಗಾಳಿ ಮೇಲೆದ್ದ ಜಾಗಕ್ಕೆ ಕಡಲಿನ ತಂಪು ಗಾಳಿ ಹರಿದು ಬರುತ್ತಿರುವುದು. ಪಠ್ಯದಲ್ಲಿ ಎರಡು ಬಾಣಗಳ ಚಿತ್ರವಾಗಿ ನೋಡಿದ್ದನ್ನು ಮಕ್ಕಳು ಮುಖದ ಮೇಲೆ ಅನುಭವಿಸಿದರು. ಮಧ್ಯಾಹ್ನ ಎರಡು, ಮೂರು ಗಂಟೆಗೆ ಅದು ಇನ್ನೂ ಬಲವಾಯಿತು.

ಗ್ಲೈಡರ್ ಬಿಡುವ ಮೊದಲು ಎಕ್ಕೆಯ ಬೀಜ ಬಿಟ್ಟೆವು. ಒಡೆದ ಎಕ್ಕೆಕಾಯಿಯೊಳಗಿನ, ರೇಷ್ಮೆಯಂಥ ಹತ್ತಿ ಇರುವ ಬೀಜ. ನಮ್ಮ ಕಡೆ ಮಲಯಾಳ ಮಾತಾಡುವ ಮಕ್ಕಳು ಇಂಥ ಹಾರುವ ಬೀಜವನ್ನು ಅಪ್ಪೂಪ್ಪನ್ ತಾಡಿ, ಅಂದರೆ ಅಜ್ಜನ ಗಡ್ಡ ಎನ್ನುತ್ತಾರೆ. ಬಯಲಿನ ನಡುವೆ 20 ಮೀಟರ್ ಅಳೆದು ಎರಡು ಕಡೆ ಮಕ್ಕಳನ್ನು ನಿಲ್ಲಿಸಿ ಬೀಜ ಬಿಟ್ಟರೆ ನಾಲ್ಕು ಸೆಕೆಂಡಿನಲ್ಲಿ ದಾಟಿತು: ಗಾಳಿಯ ವೇಗ ಸೆಕೆಂಡಿಗೆ 5 ಮೀಟರ್. ಮರದ ಎಲೆಗಳೂ ಸಣ್ಣ ರೆಂಬೆಗಳೂ ಬಿಡದೆ ಅಲ್ಲಾಡುವ ಮಟ್ಟದ ಗಾಳಿ. ಆಮೇಲೆ ಇಳಿಜಾರಿನ ಅಂಚಿನಲ್ಲಿ ನಿಂತು ಬೀಜ ಬಿಟ್ಟೆವು. ಅದು ಅಡ್ಡಕ್ಕೆ ಹೋಗಲಿಲ್ಲ, ನೆತ್ತಿಯ ಮೇಲಕ್ಕೆ ಏರಿ ಹೋಯಿತು. ಅಂಚಿನಲ್ಲಿ ಗಾಳಿ ಮೇಲಕ್ಕೆ ಹರಿಯುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಗಾಳಿಗೇನು, ಗುಡ್ಡೆಯನ್ನು ತೂರಿಕೊಂಡು ಹೋಗಲು ಆಗುವುದಿಲ್ಲ. ಮಳೆಗಾಲದ ತೋಡಿನಲ್ಲಿ ನೀರು ಮುಳುಗಿದ ಬಂಡೆಗೆ ಬಡಿದು ಮೇಲೆದ್ದು ಹೋಗುವಂತೆ ಅದೂ ಇಳಿಜಾರನ್ನು ಹತ್ತಿ ಹೋಗಬೇಕು. ಎಷ್ಟು ಜೋರಾಗಿ ಹತ್ತುತ್ತದೆ? ಗಾಳಿಯ ವೇಗವನ್ನು ಇಳಿಜಾರಿನ ಕೋನದ ಸೈನ್ ಬೆಲೆಯಿಂದ ಗುಣಿಸಿದರೆ ಅಂದಾಜು ಸಿಗುತ್ತದೆ. ಈ ಸೈನ್ ತಿಳಿಯಲು ಕೋನಮಾಪಕವೂ ಬೇಡ. ಇಳಿಜಾರಿನ ಮೇಲೆ ಹಗ್ಗದಿಂದ 10 ಮೀಟರ್ ಅಳೆಯಿರಿ. ಆ ಎರಡು ತುದಿಗಳ ಎತ್ತರದ ವ್ಯತ್ಯಾಸವನ್ನು ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪೈಪಿನಿಂದ ಎರಡು ಮೂರು ತುಂಡಾಗಿ ಅಳೆದು ಕೂಡಿಸಿ. ನಮಗೆ ಬಂದದ್ದು 3.4 ಮೀಟರ್. 3.4ನ್ನು 10ರಿಂದ ಭಾಗಿಸಿದರೆ 0.34. ಅದೇ ಸೈನ್, ಕೋನ ಸುಮಾರು 20 ಡಿಗ್ರಿ. ತ್ರಿಕೋನಮಿತಿ ಎಲ್ಲಿ ಬೇಕಾಗುತ್ತದೆ ಎಂದು ಕೇಳುವ ಹತ್ತನೆಯ ತರಗತಿಯವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ.

ಈಗ ಲೆಕ್ಕ ಹಾಕಿ. 5 ಗುಣಿಸು 0.34, ಅಂದರೆ ಗಾಳಿ ಸೆಕೆಂಡಿಗೆ 1.7 ಮೀಟರ್ ಏರುತ್ತಿದೆ. ನಮ್ಮ ಗ್ಲೈಡರ್ ಸೆಕೆಂಡಿಗೆ 0.8 ಮೀಟರ್ ಇಳಿಯುತ್ತದೆ. ವ್ಯತ್ಯಾಸ 0.9. ಗ್ಲೈಡರ್ ಸೆಕೆಂಡಿಗೆ ಸುಮಾರು ಒಂದು ಮೀಟರ್ ಏರಬೇಕು. ಅದೇ ಇಳಿಜಾರು 10 ಡಿಗ್ರಿ ಇದ್ದಿದ್ದರೆ ಏರುಗಾಳಿ 0.87 ಮಾತ್ರ, ಗ್ಲೈಡರ್ ಇದ್ದಲ್ಲೇ ಇರುತ್ತಿತ್ತು. ಇದು ಅಂಚಿನ ಹತ್ತಿರದ ಅಂದಾಜು. ಇಳಿಜಾರಿನಿಂದ ದೂರ ಹೋದಂತೆ ಏರುಗಾಳಿ ಕ್ಷೀಣಿಸುತ್ತದೆ.

ಬಿಟ್ಟು ನೋಡಿದೆವು. ಕೈಯಿಂದ ಬಿಟ್ಟ ಥರ್ಮೋಕೋಲ್ ಮಾದರಿ ಮುಂದೆ ಹೋಗುವ ಬದಲು ಮೇಲಕ್ಕೆ ತೇಲಿತು. ಗಾಳಿಯ ವೇಗವೂ ಅದರ ವೇಗವೂ ಹೆಚ್ಚುಕಮ್ಮಿ ಒಂದೇ ಆದ್ದರಿಂದ ಹಲವು ಸೆಕೆಂಡ್ ನಮ್ಮ ಕಣ್ಣೆದುರೇ ನಿಂತ ಹಾಗೆ ಕಂಡಿತು. ಆಮೇಲೆ ಒಂದು ಬದಿಗೆ ತಿರುಗಿ, ಗಾಳಿ ಬೆನ್ನಿಗೆ ಸಿಕ್ಕಿ, ನಮ್ಮ ತಲೆಯ ಮೇಲಿಂದ ಹಾರಿ ಪದವಿನ ಹಿಂದಕ್ಕೆ ಹೋಗಿ ಬಿತ್ತು. ಚಾಲಕನಿಲ್ಲದ ಮಾದರಿಯ ತೊಂದರೆ ಇದು. ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ಒಂದು ಉಪಾಯ ಬಲು ಸೊಗಸಾದದ್ದು. ಎಫ್1ಇ ಎಂಬ ಅಂತರರಾಷ್ಟ್ರೀಯ ಸ್ಪರ್ಧಾ ವರ್ಗದ ಗ್ಲೈಡರುಗಳ ಮೂಗಿನಲ್ಲಿ ಒಂದು ಅಯಸ್ಕಾಂತ ಇರುತ್ತದೆ. ಅದು ದಿಕ್ಸೂಚಿಯ ಮುಳ್ಳಿನಂತೆ ಒಂದೇ ದಿಕ್ಕಿಗೆ ನಿಲ್ಲುತ್ತದೆ, ಅದಕ್ಕೆ ಜೋಡಿಸಿದ ಹಲಗೆ ಗ್ಲೈಡರನ್ನು ಗಾಳಿಗೆ ಎದುರಾಗಿಯೇ ಹಿಡಿದಿಡುತ್ತದೆ. ರಿಮೋಟೂ ಇಲ್ಲ, ಬ್ಯಾಟರಿಯೂ ಬೇಡ.

ನಮ್ಮ ಕೂಟದ ಒಬ್ಬರು ಒಂದೂವರೆ ಮೀಟರ್ ರೆಕ್ಕೆಯ, ಮೋಟಾರಿಲ್ಲದ, ಬಾಲವನ್ನು ಮಾತ್ರ ರಿಮೋಟಿನಿಂದ ತಿರುಗಿಸುವ ಗ್ಲೈಡರ್ ತಂದಿದ್ದರು. ಅದನ್ನು ಅಂಚಿನ ಉದ್ದಕ್ಕೂ ಎಂಟರ ಅಂಕಿಯಂತೆ ಆಡಿಸಿದರು, ಪ್ರತಿ ತಿರುವೂ ಕಡಲಿನ ಕಡೆಗೆ. ಹತ್ತು ನಿಮಿಷ ಆಯಿತು, ಹದಿನೈದಾಯಿತು. ಒಂದು ಗರುಡ ಬಂದು ಅದೇ ಅಂಚಿನ ಗಾಳಿಯಲ್ಲಿ ರೆಕ್ಕೆ ಬಡಿಯದೆ ತೇಲಿತು. ಎರಡರ ಲೆಕ್ಕವೂ ಒಂದೇ.

"ಶಕ್ತಿ ಎಲ್ಲಿಂದ ಬಂತು?"

ಆಗಲೇ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ಶಕ್ತಿ ಹುಟ್ಟುದೂ ಇಲ್ಲ, ನಾಶ ಆಗುದೂ ಇಲ್ಲ ಅಂತ ಪಾಠದಲ್ಲಿ ಉಂಟಲ್ಲ? ಇದಕ್ಕೆ ಇಂಜಿನ್ ಇಲ್ಲ. ಮತ್ತೆ ಮೇಲೆ ಹೋಗ್ಲಿಕ್ಕೆ ಶಕ್ತಿ ಎಲ್ಲಿಂದ?"

ಎಲ್ಲರೂ ಸುಮ್ಮನಾದರು. ಇಡೀ ದಿನದ ಪಾಠ ಈ ಪ್ರಶ್ನೆಯಲ್ಲಿದೆ. "ಗಾಳಿಯಿಂದ" ಎಂದು ಒಂದು ಪದದಲ್ಲಿ ಹೇಳಿ ಮುಗಿಸಬಾರದು. ಆ ದಿನ ನಾವು ಉತ್ತರವನ್ನು ಎರಡು ಹಂತದಲ್ಲಿ ಕಟ್ಟಿದೆವು.

ಮೊದಲನೆಯದು, ಬಾವಿಯ ಹಗ್ಗದ ಇರುವೆ. ಬಾವಿಯಿಂದ ಕೊಡ ಎಳೆಯುತ್ತಿದ್ದೀರಿ. ಹಗ್ಗದ ಮೇಲೊಂದು ಇರುವೆ ಕೆಳಮುಖವಾಗಿ ನಡೆಯುತ್ತಿದೆ. ಹಗ್ಗದ ಲೆಕ್ಕದಲ್ಲಿ ಇರುವೆ ಇಳಿಯುತ್ತಲೇ ಇದೆ. ಆದರೆ ಹಗ್ಗ ಅದಕ್ಕಿಂತ ವೇಗವಾಗಿ ಮೇಲೆ ಬರುತ್ತಿರುವುದರಿಂದ ಬಾವಿಯ ಕಟ್ಟೆಯಲ್ಲಿ ನಿಂತ ನಮಗೆ ಇರುವೆ ಏರುತ್ತಿರುವಂತೆ ಕಾಣುತ್ತದೆ. ಗ್ಲೈಡರ್ ಇರುವೆ, ಗಾಳಿ ಹಗ್ಗ. ಗ್ಲೈಡರ್ ಗಾಳಿಯ ಲೆಕ್ಕದಲ್ಲಿ ಸೆಕೆಂಡಿಗೆ 0.8 ಮೀಟರ್ ಇಳಿಯುವುದನ್ನು ಒಂದು ಕ್ಷಣವೂ ನಿಲ್ಲಿಸಿಲ್ಲ. ಹಾಲಿನಲ್ಲಿ ಹೇಗೋ ಇಲ್ಲಿಯೂ ಹಾಗೆಯೇ.

ಎರಡನೆಯದು, ಹಗ್ಗ ಎಳೆಯುವವರು ಯಾರು? ಇರುವೆಯನ್ನು ಎತ್ತುವ ಕೆಲಸ ನಮ್ಮ ತೋಳಿನದು. ಗ್ಲೈಡರನ್ನು ಎತ್ತುವ ಕೆಲಸ ಗಾಳಿಯದು. ಗ್ಲೈಡರ್ ತನ್ನನ್ನು ದಾಟುವ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ ಎಂದೆವಲ್ಲ, ಆಗ ಏರುತ್ತಿರುವ ಆ ಗಾಳಿಯ ವೇಗ ಸ್ವಲ್ಪ ತಗ್ಗುತ್ತದೆ. ಗಾಳಿ ಕಳೆದುಕೊಂಡ ಚಲನ ಶಕ್ತಿಯ ಒಂದು ಪಾಲು ಗ್ಲೈಡರಿನ ಪ್ರಚ್ಛನ್ನ ಶಕ್ತಿಯಾಗುತ್ತದೆ. 25 ಗ್ರಾಂ ಮಾದರಿ 10 ಮೀಟರ್ ಏರಿದರೆ ಅದು ಪಡೆದದ್ದು ಸುಮಾರು 2.5 ಜೂಲ್. ಗಾಳಿಗೆ ಅದು ಕಡಲಿನಿಂದ ಒಂದು ಚಮಚ ನೀರು ತೆಗೆದ ಹಾಗೆ. ಇನ್ನು ಗಾಳಿಗೆ ಶಕ್ತಿ ಬಂದದ್ದು ಬಿಸಿಯಾದ ಮುರಕಲ್ಲಿನಿಂದ, ಮುರಕಲ್ಲಿಗೆ ಸೂರ್ಯನಿಂದ. ಬೆಳಿಗ್ಗೆ ಒಂಬತ್ತಕ್ಕೆ ಯಾಕೆ ಬಿತ್ತು, ಮಧ್ಯಾಹ್ನ ಯಾಕೆ ಏರಿತು ಎಂಬುದಕ್ಕೂ ಇಲ್ಲೇ ಉತ್ತರವಿದೆ. "ಹಾಗಾದ್ರೆ ಇದು ಬಿಸಿಲಿನ ವಿಮಾನ" ಎಂದಳು ಹುಡುಗಿ. ನಾನು ಅದನ್ನು ತಿದ್ದಲಿಲ್ಲ.

ಗುಡ್ಡೆಗಳೇ ಮೊದಲ ಶಾಲೆ

ಮನುಷ್ಯ ಹಾರಲು ಕಲಿತದ್ದೂ ಗುಡ್ಡೆಯ ಇಳಿಜಾರಿನಲ್ಲಿಯೇ. 1804ರಲ್ಲಿ ಇಂಗ್ಲೆಂಡಿನ ಜಾರ್ಜ್ ಕೇಯ್ಲಿ ಒಂದು ಕೋಲು, ಅದಕ್ಕೆ ಗಾಳಿಪಟದಂಥ ರೆಕ್ಕೆ, ಹಿಂದೆ ಬಾಲ, ಮೂಗಿಗೆ ಭಾರ ಇಟ್ಟು ಮಾದರಿ ಗ್ಲೈಡರ್ ಮಾಡಿ ಯಾರ್ಕ್‌ಶೈರಿನ ಇಳಿಜಾರಿನಿಂದ ಹಾರಿಸಿದ. ನಮ್ಮ ಮಕ್ಕಳ ಬಿದಿರು ಕಡ್ಡಿಯ ಮಾದರಿ ಅದರದೇ ವಂಶ. ಜರ್ಮನಿಯ ಒಟ್ಟೋ ಲಿಲಿಯೆಂಟಾಲ್ 1891ರಿಂದ 1896ರವರೆಗೆ ಸುಮಾರು ಎರಡು ಸಾವಿರ ಬಾರಿ ಗ್ಲೈಡರಿನಲ್ಲಿ ತಾನೇ ಹಾರಿದ. ಬರ್ಲಿನ್ ಹತ್ತಿರ 1894ರಲ್ಲಿ 15 ಮೀಟರ್ ಎತ್ತರದ ಗುಡ್ಡವನ್ನೇ ಕಟ್ಟಿಸಿಕೊಂಡ. ಗಾಳಿ ಯಾವ ದಿಕ್ಕಿನಿಂದ ಬಂದರೂ ಅದಕ್ಕೆ ಎದುರಾಗಿ ಓಡಲು ಸಾಧ್ಯವಾಗಲಿ ಎಂದು ಅದು ಶಂಕುವಿನ ಆಕಾರದಲ್ಲಿತ್ತು. 1896ರ ಆಗಸ್ಟಿನಲ್ಲಿ ಗ್ಲೈಡರ್ ಸ್ಟಾಲ್ ಆಗಿ ಬಿದ್ದು, ಮರುದಿನ ತೀರಿಕೊಂಡ.

ಅವನ ಬರಹಗಳನ್ನು ಓದಿದ್ದ ರೈಟ್ ಸಹೋದರರು ಇಂಜಿನ್ ಕೂರಿಸುವ ಮೊದಲು 1900ರಿಂದ 1902ರವರೆಗೆ ಮೂರು ವರ್ಷ ಕಿಟ್ಟಿಹಾಕ್ ಕಡಲತೀರದ ಮರಳುದಿಬ್ಬಗಳಲ್ಲಿ ಗ್ಲೈಡರ್ ಹಾರಿಸಿದರು. 1911ರ ಅಕ್ಟೋಬರ್ 24ರಂದು ಆರ್ವಿಲ್ ರೈಟ್ ಅದೇ ದಿಬ್ಬದ ಏರುಗಾಳಿಯಲ್ಲಿ 9 ನಿಮಿಷ 45 ಸೆಕೆಂಡ್ ತೇಲಿದ. ಹತ್ತು ವರ್ಷ ಆ ದಾಖಲೆ ಮುರಿಯಲಿಲ್ಲ. 1922ರಲ್ಲಿ ಜರ್ಮನಿಯ ವಾಸರ್‌ಕುಪೆ ಗುಡ್ಡದಲ್ಲಿ ಹ್ಯಾನೋವರಿನ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳ ತಂಡದ 'ವ್ಯಾಂಪೈರ್' ಗ್ಲೈಡರ್ ಮೊದಲು ಒಂದು ಗಂಟೆ, ಕೆಲವೇ ದಿನಗಳಲ್ಲಿ ಮೂರು ಗಂಟೆ ಹಾರಿತು.

ಗುಡ್ಡೆಯ ಬೆನ್ನು, ಮತ್ತೆ ಕೆಲವು ಎಚ್ಚರಿಕೆ

ಮುಖದ ಕಡೆ ಎತ್ತುವ ಗಾಳಿ ಬೆನ್ನಿನ ಕಡೆ ಕೆಡವುತ್ತದೆ. ತೋಡಿನ ಬಂಡೆಯ ಹಿಂದೆ ನೀರು ಸುಳಿಯಾಗುವಂತೆ ಗುಡ್ಡೆಯ ಹಿಂದೆ ಗಾಳಿ ಕೆಳಮುಖವಾಗಿ ಸುಳಿಯುತ್ತದೆ. ಅಲ್ಲಿಗೆ ಹೋದ ಮಾದರಿ ಉಳಿಯುವುದು ಕಷ್ಟ. ನಮ್ಮ ಎರಡು ಮಾದರಿಗಳ ರೆಕ್ಕೆ ಮುರಿದದ್ದೂ ಅಲ್ಲಿಯೇ.

ಮಕ್ಕಳನ್ನು ಕರೆದುಕೊಂಡು ಹೋಗುವವರು ಜಾಗವನ್ನು ಹಿಂದಿನ ದಿನವೇ ನೋಡಿಕೊಳ್ಳಿ. ಪದವುಗಳಲ್ಲಿ ಬೇಲಿಯಿಲ್ಲದ ಕಲ್ಲುಕೋರೆಗಳಿರುತ್ತವೆ. ಮೇಲೆ ನೋಡುತ್ತ ಓಡುವ ಮಗುವಿಗೆ ಅದು ಕಾಣುವುದಿಲ್ಲ. ಅಂಚಿನಿಂದ ಐದು ಮೀಟರ್ ಹಿಂದೆ ಹಗ್ಗ ಕಟ್ಟಿ, ಗ್ಲೈಡರ್ ಬಿಡುವವರು ಮಾತ್ರ ಒಬ್ಬ ಶಿಕ್ಷಕರ ಜೊತೆ ಅದನ್ನು ದಾಟಲಿ. ಬಿದ್ದ ಮಾದರಿ ತರಲು ದೊಡ್ಡವರು ಹೋಗಲಿ. ಗುಡುಗಿನ ಸದ್ದು ಕೇಳಿದರೆ ಆ ಕ್ಷಣವೇ ಇಳಿಯಬೇಕು, ಬೋಳು ಪದವಿನ ಮೇಲೆ ನಾವೇ ಎತ್ತರದ ವಸ್ತು. ವಿದ್ಯುತ್ ತಂತಿ ಇರುವಲ್ಲಿ ಬೇಡವೇ ಬೇಡ. ರಿಮೋಟಿನ ಮಾದರಿ ಹಾರಿಸುವವರು 2021ರ ಡ್ರೋನ್ ನಿಯಮಗಳನ್ನೂ ಆ ಜಾಗಕ್ಕೆ ನಿರ್ಬಂಧ ಇದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಥರ್ಮೋಕೋಲ್ ತುಂಡು ಒಂದೂ ಅಲ್ಲಿ ಉಳಿಯಬಾರದು, ಅದು ಮಣ್ಣಾಗುವುದಿಲ್ಲ.

ಗುಡ್ಡೆ ಇಲ್ಲದ ಊರಿಗೆ

"ನಮ್ಮಲ್ಲಿ ಎಲ್ಲಿ ನೋಡಿದ್ರೂ ಜೋಳದ ಹೊಲ, ಗುಡ್ಡ ಎಲ್ಲಿಂದ ತರೂದ್ರಿ" ಎಂದು ಸೊಲ್ಲಾಪುರ, ಜತ್ತ ಕಡೆಯ ಮಿತ್ರರು ಕೇಳಬಹುದು. ಗುಡ್ಡೆಯನ್ನು ಕೈಯಲ್ಲಿ ಹಿಡಿದುಕೊಂಡು ನಡೆಯಿರಿ! ಬಿಲ್ ಪುಸ್ತಕದ ತೆಳು ನಕಲು ಕಾಗದದಿಂದ 15 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ನಾಲ್ಕು ಮೂಲೆಗಳನ್ನು ಚೂರು ಕತ್ತರಿಸಿ ತೆಗೆಯಿರಿ. ಉದ್ದದ ಒಂದು ಅಂಚನ್ನು 1 ಸೆಂ.ಮೀ. ಮೇಲಕ್ಕೆ, ಇನ್ನೊಂದನ್ನು ಅಷ್ಟೇ ಕೆಳಕ್ಕೆ ಓರೆಯಾಗಿ ಮಡಿಸಿ. ಗಿಡ್ಡ ತುದಿಗಳೆರಡನ್ನೂ ಮೇಲಕ್ಕೆ ಮಡಿಸಿ. ಎತ್ತರದಿಂದ ಬಿಟ್ಟರೆ ಇದು ಉರುಳುತ್ತ ಉರುಳುತ್ತ ಮೆಲ್ಲನೆ ಇಳಿಯುತ್ತದೆ. ಈಗ ದೊಡ್ಡ ರಟ್ಟೊಂದನ್ನು ಎರಡೂ ಕೈಯಲ್ಲಿ ಹಿಡಿದು, ಮೇಲಂಚನ್ನು ನಿಮ್ಮ ಕಡೆಗೆ ವಾಲಿಸಿ, ಕಾಗದದ ಹಿಂದೆಯೇ, ಅದಕ್ಕಿಂತ ತುಸು ಕೆಳಗೆ ಹಿಡಿದು ನಡೆಯಿರಿ. ಎದುರಿನ ಗಾಳಿ ರಟ್ಟನ್ನು ಹತ್ತಿ ಹೋಗುತ್ತದೆ, ಕಾಗದ ಆ ಏರುಗಾಳಿಯ ಮೇಲೆ ತೇಲುತ್ತದೆ. ನಡೆಯುವುದು ನಿಂತರೆ ಬೀಳುತ್ತದೆ. ನಾಲ್ಕೈದು ಸಲ ಬೀಳಿಸಿದ ಮೇಲೆ ಕೈಗೆ ಹದ ಸಿಗುತ್ತದೆ. ಇಲ್ಲಿ ಶಕ್ತಿ ಎಲ್ಲಿಂದ ಎಂದು ಕೇಳಿದರೆ ಉತ್ತರ ಮಕ್ಕಳೇ ಹೇಳುತ್ತಾರೆ: ಬೆಳಿಗ್ಗೆ ತಿಂದ ರೊಟ್ಟಿಯಿಂದ.

ಕೊನೆಗೆ ನೀಲಗಿರಿಯ ಶಾಲೆಗಳಿಗೆ ಒಂದು ಲೆಕ್ಕ. ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗಾಳಿಯ ಸಾಂದ್ರತೆ ಕಡಲತೀರಕ್ಕಿಂತ ಸುಮಾರು ಐದನೆಯ ಒಂದು ಪಾಲು ಕಡಿಮೆ. ತೆಳು ಗಾಳಿಯಲ್ಲಿ ಅದೇ ತೂಕ ಹೊರಲು ರೆಕ್ಕೆ ಹೆಚ್ಚು ವೇಗವಾಗಿ ಸಾಗಬೇಕು. ಲೆಕ್ಕದ ಪ್ರಕಾರ ನಮ್ಮ 4.2 ಮೀಟರ್ ಅಲ್ಲಿ 4.7 ಆಗಬೇಕು, ಆದರೆ ಜಾರು ಅನುಪಾತ 5 ಹಾಗೆಯೇ ಉಳಿಯಬೇಕು. ಉಳಿಯುತ್ತದೆಯೇ? ಮೇಲೆ ಕೊಟ್ಟ ಅಳತೆಯಲ್ಲೇ ಮಾದರಿ ಮಾಡಿ, ಗಾಳಿಯಾಡದ ಕೋಣೆಯಲ್ಲಿ ಹತ್ತು ಸಲ ಬಿಟ್ಟು, ದೂರವನ್ನೂ ಸಮಯವನ್ನೂ ಮಕ್ಕಳ ಕೈಯಲ್ಲೇ ಬರೆಸಿ ಪತ್ರಿಕೆಗೆ ಕಳಿಸಿ. ತಾಳವಾಡಿಯಿಂದ, ರಾಯದುರ್ಗದಿಂದ, ಅಕ್ಕಲಕೋಟೆಯಿಂದಲೂ ಬರಲಿ. ಒಂದೇ ಗ್ಲೈಡರ್ ಬೇರೆಬೇರೆ ಎತ್ತರದ ಊರುಗಳಲ್ಲಿ ಹೇಗೆ ಹಾರುತ್ತದೆ ಎಂಬ ಪಟ್ಟಿಯನ್ನು ನಮ್ಮ ಮಕ್ಕಳೇ ಕನ್ನಡದಲ್ಲಿ ತಯಾರಿಸಲಿ.